ಮಂಡ್ಯದ ಸಣ್ಣ ಬ್ಯಾಪ್ಟಿಸ್ಟ್ ಸಭೆಗೆ ಸೇರಿದರೆ ಏನೇನು ಕೆಲಸ ಹಚ್ಚುತ್ತಾರೆ?

ನಿಮ್ಮ ಪ್ರಶ್ನೆ ಓದಿ ನಗು ಬಂತು, ತಪ್ಪು ತಿಳಿಯಬೇಡಿ. ಮೈಸೂರಿನ ಸಿ.ಎಸ್.ಐ. (ದಕ್ಷಿಣ ಭಾರತ ಸಭೆ) ಮನೆತನದವರು ನೀವು. ಮೇ ತಿಂಗಳಲ್ಲಿ ಮದುವೆ, ಹುಡುಗಿ ಮಂಡ್ಯದ ಬ್ಯಾಪ್ಟಿಸ್ಟ್ ಸಭೆಯವಳು, ಅಂದರೆ ಬ್ಯಾಪ್ಟಿಸ್ಟ್ ಚರ್ಚಿನವಳು. ಅಲ್ಲಿ ಹೇಗಿರುತ್ತೆ, ಸೇವೆ ಅಂತ ಏನು ಮಾಡಿಸುತ್ತಾರೆ, ಇನ್ನೊಂದು ಸಲ ದೀಕ್ಷಾಸ್ನಾನ (ಬ್ಯಾಪ್ಟಿಸಮ್) ತಗೋ ಅಂತಾರಾ ಅಂತ ಕೇಳಿದ್ದೀರಿ. ನಾನೂ ಕೆಲಸದ ಮೇಲೆ ಮೈಸೂರಿನಿಂದ ಮಂಡ್ಯಕ್ಕೆ ಬಂದವನು. ಹತ್ತೊಂಬತ್ತು ವರ್ಷ ಆಯ್ತು. ಬಂದ ಮೂರನೇ ಭಾನುವಾರವೇ ಸಭೆಯ ಬಾಗಿಲಿನ ಬೀಗದ ಕೈ ನನ್ನ ಕೈಗೆ ಬಂತು. ಇವತ್ತಿಗೂ ನನ್ನ ಹತ್ತಿರವೇ ಇದೆ.

ನಮ್ಮದು ಚೆನ್ನಾಗಿ ಕೂಡಿದರೆ ಅರವತ್ತು ಜನರ ಸಭೆ. ಎಂಟೂವರೆಗೆ ಬಾಗಿಲು ತೆಗೆದು, ಪಾರಿವಾಳದ ಗಲೀಜು ಗುಡಿಸಿ, ಜಮಖಾನ ಹಾಸಬೇಕು. ಮಂಡಿನೋವಿನವರಿಗೆ ಗೋಡೆ ಪಕ್ಕ ಪ್ಲಾಸ್ಟಿಕ್ ಕುರ್ಚಿ. ಮೈಕ್ ಕೊರ್ ಅನ್ನುತ್ತೆ, ವೈರನ್ನು ಒಂದು ಲೆಕ್ಕದಲ್ಲಿ ತಿರುಚಿ ಟೇಪ್ ಸುತ್ತಿದರೆ ಸುಮ್ಮನಾಗುತ್ತೆ. ಆ ಲೆಕ್ಕ ಗೊತ್ತಿರುವವರು ಇಬ್ಬರೇ. ಆರಾಧನೆ ಮುಗಿದ ಮೇಲೆ ಕಾಣಿಕೆ ಎಣಿಸುವುದು. ಒಬ್ಬರೇ ಎಣಿಸುವ ಹಾಗಿಲ್ಲ, ಇಬ್ಬರು ಎಣಿಸಿ ಇಬ್ಬರೂ ಸಹಿ ಹಾಕಬೇಕು. ಊರಿನ ಅಂಗಡಿಯವರು ಬೇಡ ಅಂದ ಹತ್ತು ರೂಪಾಯಿ ನಾಣ್ಯವೆಲ್ಲ ಕೊನೆಗೆ ನಮ್ಮ ಕಾಣಿಕೆ ಚೀಲಕ್ಕೇ ಬಂದು ಬೀಳುತ್ತವೆ. ಈಚೆಗೆ ಗೋಡೆಗೆ ಕ್ಯೂಆರ್ ಕೋಡ್ ಅಂಟಿಸಿದೆವು. ಅದಕ್ಕೂ ಒಂದು ಮೀಟಿಂಗ್ ಆಯ್ತು.

ಈ ಮೀಟಿಂಗ್ ನಿಮಗೆ ಹೊಸದು. ನಿಮ್ಮಲ್ಲಿ ಬಿಷಪ್ ಇದ್ದಾರೆ, ಅಯ್ಯನವರನ್ನು, ಅಂದರೆ ಪಾದ್ರಿಯನ್ನು, ಮೇಲಿನವರು ಕಳಿಸುತ್ತಾರೆ, ವರ್ಗ ಮಾಡುತ್ತಾರೆ. ಬ್ಯಾಪ್ಟಿಸ್ಟರಲ್ಲಿ ಸಭೆಗೆ ಸಭೆಯೇ ದಿಕ್ಕು. ಒಕ್ಕೂಟ ಅಂತ ಒಂದಿರಬಹುದು. ಆದರೆ ಪಾಸ್ಟರನ್ನು ಕರೆಯುವುದು, ಅವರ ಸಂಬಳ ಗೊತ್ತುಮಾಡುವುದು, ಲೆಕ್ಕ ಒಪ್ಪುವುದು ಎಲ್ಲ ಸದಸ್ಯರ ಕೈಯಲ್ಲಿ. ಇಂಗ್ಲೆಂಡಿನಲ್ಲಿ ಇರಲಾಗದೆ ಆಮ್‌ಸ್ಟರ್‌ಡ್ಯಾಮಿಗೆ ಹೋದ ಒಂದಷ್ಟು ಜನ 1609ರಲ್ಲಿ ಮೊದಲ ಬ್ಯಾಪ್ಟಿಸ್ಟ್ ಸಭೆ ಕಟ್ಟಿದರು. ಅವರ ಕಾಲದಿಂದ ಬಂದ ಹಠ ಇದು: ನಂಬಿಕೆಯ ವಿಷಯದಲ್ಲಿ ಅರಸನೂ ತಲೆ ಹಾಕಬಾರದು, ಬಿಷಪ್ಪನೂ ಬೇಡ. ಕೇಳೋಕೆ ಚೆನ್ನಾಗಿದೆ, ಅಲ್ವಾ? ಫ್ಯಾನು ಮೂರು ತರಬೇಕಾ ನಾಲ್ಕಾ ಅನ್ನುವುದಕ್ಕೆ ನಾವು ಒಂದೂಮುಕ್ಕಾಲು ಗಂಟೆ ಕೂತಿದ್ದೇವೆ. ಕೊನೆಗೆ ಕೈ ಎತ್ತಿಸಿದರು, ಮೂರಕ್ಕೆ ಬಹುಮತ. ನಾಲ್ಕಕ್ಕೆ ಕೈ ಎತ್ತಿದ ನಾನು ಈಗ ಫ್ಯಾನಿಲ್ಲದ ಮೂಲೆಯಲ್ಲಿ ಬೆವರುತ್ತಾ ಕೂರುತ್ತೇನೆ. ಇದರ ಕೆಟ್ಟ ಮುಖವನ್ನೂ ಹೇಳಿಬಿಡುತ್ತೇನೆ. ಜಗಳ ಬಂದರೆ ಮೇಲಿನಿಂದ ಬಂದು ಬಿಡಿಸುವವರು ಯಾರೂ ಇಲ್ಲ. ಒಂದು ಸಲ ಮಾತಿಗೆ ಮಾತು ಬೆಳೆದು ಎರಡು ಮನೆಯವರು ಎದ್ದು ಹೋದರು. ಈಗಲೂ ಮಾರ್ಕೆಟ್ಟಲ್ಲಿ ಎದುರಾದರೆ ಸೊಪ್ಪು ನೋಡುವವರ ಹಾಗೆ ಮುಖ ತಿರುಗಿಸುತ್ತಾರೆ.

ಇನ್ನು ನೀರಿನ ವಿಷಯ. ನಿಮ್ಮಲ್ಲಿ ಕೂಸುಗಳಿಗೇ ನೀರು ಚಿಮುಕಿಸಿ ದೀಕ್ಷಾಸ್ನಾನ ಕೊಡುತ್ತಾರೆ, ಬ್ಯಾಪ್ಟಿಸ್ಟರು ಕೊಡುವುದಿಲ್ಲ. ಮಗುವನ್ನು ಸಭೆಯ ಮುಂದೆ ಎತ್ತಿಕೊಂಡು ಬಂದು ಪ್ರಾರ್ಥಿಸಿ ದೇವರಿಗೆ ಒಪ್ಪಿಸುತ್ತಾರೆ, ಅಷ್ಟೇ. ಬೆಳೆದ ಮೇಲೆ, ನಂಬಿದ್ದೇನೆ ಅಂತ ತಾನೇ ಬಾಯಿಬಿಟ್ಟು ಹೇಳಿದವರನ್ನು ಪೂರ್ತಿ ಮುಳುಗಿಸುತ್ತಾರೆ. ಕ್ರಿಸ್ತನ ಜೊತೆ ಹೂಣಲ್ಪಟ್ಟು ಎದ್ದುಬಂದ ಗುರುತು ಅದು. ರೋಮಾಪುರದವರಿಗೆ ಬರೆದ ಪತ್ರಿಕೆಯ 6ನೇ ಅಧ್ಯಾಯ ಓದಿ, ಅಲ್ಲಿದೆ. ನಮ್ಮ ಪಾಸ್ಟರ್ ತಮಾಷೆ ಮಾಡುತ್ತಾರೆ, ನಮ್ಮ ಕನ್ನಡ ಬೈಬಲಲ್ಲೇ ದೀಕ್ಷಾ‘ಸ್ನಾನ’ ಅಂತಿದೆ, ಮೂರು ಹನಿ ಚಿಮುಕಿಸಿದರೆ ಸ್ನಾನ ಆಗುತ್ತಾ ಅಂತ. ಈ ಮಾತನ್ನು ನಿಮ್ಮ ತಂದೆಯವರ ಮುಂದೆ ಆಡಬೇಡಿ.

ನಮ್ಮಲ್ಲಿ ಪಾಸ್ಟರ್ ನಿಂತು ಉಪದೇಶ ಮಾಡುವ ಪ್ರಸಂಗ ಪೀಠದ ಮುಂದೆ ನೆಲದಲ್ಲೇ ತೊಟ್ಟಿ ಇದೆ. ಮೇಲೆ ಹಲಗೆ, ಹಲಗೆ ಮೇಲೆ ಜಮಖಾನ. ಗೊತ್ತಿಲ್ಲದವರು ಅದರ ಮೇಲೆಯೇ ಕೂತಿರುತ್ತಾರೆ. ಹಿಂದಿನ ರಾತ್ರಿ ತೊಳೆದು ತುಂಬಿಸುವುದು ನನ್ನ ಕೆಲಸ. ಒಂದು ವರ್ಷ ನಾಲ್ಕು ಜನರ ದೀಕ್ಷಾಸ್ನಾನ ಇತ್ತು. ನಾನು ತಳದ ತೂತಿಗೆ ಬಿರಡೆ ಸರಿಯಾಗಿ ಜಡಿದಿರಲಿಲ್ಲ. ಬೆಳಿಗ್ಗೆ ಹಲಗೆ ಎತ್ತಿದರೆ ಮೊಣಕಾಲುದ್ದ ನೀರು! ಸಂಪು ಖಾಲಿ, ಅವತ್ತು ನಲ್ಲಿ ನೀರು ಬಿಡುವ ದಿನವೂ ಅಲ್ಲ. ವಿ.ಸಿ. (ವಿಶ್ವೇಶ್ವರಯ್ಯ) ನಾಲೆಗೆ ಹೋಗೋಣ ಅಂದ ಒಬ್ಬ ಹುಡುಗ. ಆ ನಾಲೆಯ ಸೆಳೆತ ಬಲ್ಲ ಹೆಂಗಸರು ಅವನನ್ನು ಚೆನ್ನಾಗಿ ಬೈದರು. ಶ್ರೀರಂಗಪಟ್ಟಣದ ಹೊಳೆ ಅಂದರೆ ಅಷ್ಟು ಜನಕ್ಕೆ ಗಾಡಿ ಎಲ್ಲಿ? ನಾನು ಬಕೆಟ್ ಹಿಡಿದುಕೊಂಡು ಮಂಕಾಗಿ ನಿಂತಿದ್ದೆ. ಪಕ್ಕದ ಮನೆ ಗೌಡರು ಕಾಂಪೌಂಡ್ ಮೇಲಿಂದ ಇಣುಕಿದರು. “ಏನ್ ಸ್ವಾಮಿ, ತೊಟ್ಟಿಗೆ ನೀರ್ ಸಾಲ್ದಾ? ನಮ್ ಪೈಪ್ ಎಳ್ಕಳಿ ಅತ್ಲಾಗೆ” ಅಂದು ಬೋರಿನ ಮೋಟಾರ್ ಹಾಕಿದರು. ತೊಟ್ಟಿ ತುಂಬುವವರೆಗೂ ಕೀರ್ತನೆ ಹಾಡಿದೆವು. ಪುಸ್ತಕದಲ್ಲಿ ಗೊತ್ತಿದ್ದ ಹಾಡೆಲ್ಲ ಮುಗಿದವು.

ನಾಲ್ವರಲ್ಲಿ ಒಬ್ಬರು ಎಪ್ಪತ್ತು ದಾಟಿದ ಅಜ್ಜಿ, ನೀರು ಕಂಡರೆ ಹೆದರಿಕೆ. ಮೆಟ್ಟಿಲ ಮೇಲೆ ನನ್ನ ಮಣಿಕಟ್ಟು ಬಿಗಿಯಾಗಿ ಹಿಡಿದು, “ಮಂಡಿಯುದ್ದ ಇದ್ದಿದ್ರೇ ಸಾಕಿತ್ತು ಕಣ್ ಮಗ” ಅಂದರು. ಪಾಸ್ಟರ್ ಅವರ ಮೂಗಿಗೆ ಕರ್ಚೀಫ್ ಒತ್ತಿ ಹಿಂದಕ್ಕೆ ಬಾಗಿಸಿ ಮುಳುಗಿಸಿ ಎತ್ತಿದರು. ಅಜ್ಜಿ ಕಣ್ಣು ಬಿಟ್ಟು ಸುತ್ತ ನೋಡಿ, “ಅಷ್ಟೇಯಾ?” ಅಂದರು. ಇಡೀ ಸಭೆ ನಕ್ಕಿತು. ಟವಲ್ ಕೊಡುವಾಗ ನೋಡಿದೆ, ನನ್ನ ಮಣಿಕಟ್ಟಿನ ಮೇಲೆ ಅವರ ಐದು ಬೆರಳೂ ಮೂಡಿದ್ದವು.

ನೀವು ಮುಳುಗಬೇಕಾ? ಪ್ರತಿ ಸಭೆ ಸ್ವತಂತ್ರ, ಹಾಗಾಗಿ ಒಂದೊಂದು ಕಡೆ ಒಂದೊಂದು ಕಟ್ಟಳೆ. ನಮ್ಮಲ್ಲಿ ಆರಾಧನೆಗೆ ಯಾರು ಬೇಕಾದರೂ ಬರಬಹುದು, ಹಾಡಬಹುದು, ಕೆಲಸವನ್ನಂತೂ ಹಚ್ಚದೆ ಬಿಡುವುದೇ ಇಲ್ಲ. ಸದಸ್ಯರಾಗಿ ಮೀಟಿಂಗಲ್ಲಿ ಕೈ ಎತ್ತಬೇಕು ಅಂದರೆ ಮುಳುಗುವ ದೀಕ್ಷಾಸ್ನಾನ ಆಗಿರಬೇಕು. ನಾನು ಆರು ವರ್ಷ ಹಾಗೇ ಇದ್ದೆ, ಯಾರೂ ಬಲವಂತ ಮಾಡಲಿಲ್ಲ. ಮದುವೆಗೋಸ್ಕರ ಸುಮ್ನೆ ಮುಳುಗಿ ಏಳಬೇಡಿ. ಸ್ವಂತ ನಂಬಿಕೆಯಿಂದ ಆಗಬೇಕು ಅನ್ನುವುದೇ ಇದರ ತಿರುಳು. ಮಾವನ ಮನೆಯವರಿಗೆ ಖುಷಿಯಾಗಲಿ ಅಂತ ತಗೊಂಡರೆ ಕೂಸಿಗೆ ಕೊಟ್ಟದ್ದಕ್ಕೂ ಅದಕ್ಕೂ ಏನು ವ್ಯತ್ಯಾಸ? ಪಾಸ್ಟರ್ ಹತ್ತಿರ ನೇರವಾಗಿ ಮಾತಾಡಿ.

ಪಾಸ್ಟರ್ ಊರಲ್ಲಿ ಇಲ್ಲದಾಗ ಪ್ರಸಂಗ ಮಾಡುವುದು ಸೈಕಲ್ ಶಾಪ್ ಇಟ್ಟಿರುವ ಒಬ್ಬ ಸಭಾಸೇವಕರು, ಅಂದರೆ ಪಾಸ್ಟರ್ ಅಲ್ಲದೆ ಸಭೆಯ ಕೆಲಸ ನೋಡಿಕೊಳ್ಳುವವರು. ಉಗುರಲ್ಲಿ ಗ್ರೀಸ್ ಇರುತ್ತೆ, ಮಾತು ಚೊಕ್ಕ. ಮೊದಲ ಸಲ ಕೇಳಿದಾಗ ನಾನೂ ಮೂಗು ಮುರಿದಿದ್ದೆ. ಆಮೇಲೆ ಗೊತ್ತಾಯ್ತು, 1793ರಲ್ಲಿ ಬಂಗಾಳಕ್ಕೆ ಬಂದ ಬ್ಯಾಪ್ಟಿಸ್ಟ್ ಮಿಷನರಿ ವಿಲಿಯಂ ಕೇರಿ ಕೂಡ ಮೊದಲು ಬೂಟು ಹೊಲಿಯುತ್ತಿದ್ದವರು. 1817ರಲ್ಲಿ ಬಂಗಾಳದ ಸೆರಾಂಪುರದಿಂದ ಕನ್ನಡ ವ್ಯಾಕರಣವನ್ನೂ ಅಚ್ಚು ಹಾಕಿಸಿದರು. ನಮ್ಮ ಸೈಕಲ್ ಅಣ್ಣ ಕೇರಿಯ ಕಥೆಯನ್ನು ವರ್ಷಕ್ಕೆ ಎರಡು ಸಲ ಹೇಳುತ್ತಾರೆ. ನಿಮಗೂ ತಪ್ಪಿದ್ದಲ್ಲ.

ಸಭೆಯ ಸುಗ್ಗಿ ಹಬ್ಬಕ್ಕೆ ಮಾತ್ರ ತಪ್ಪಿಸಬೇಡಿ. ಹಳ್ಳಿಯ ಕಡೆಯವರು ಕಬ್ಬಿನ ಜಲ್ಲೆ, ಅಚ್ಚು ಬೆಲ್ಲ, ತೆಂಗಿನಕಾಯಿ, ನಾಟಿ ಕೋಳಿ ತರುತ್ತಾರೆ, ಆಮೇಲೆ ಹರಾಜು. ಒಂದು ಸಲ ಒಂದೇ ಕುಂಬಳಕಾಯಿ ನಾಲ್ಕು ಸಲ ಮಾರಾಟವಾಯ್ತು. ಕೊಂಡವರೆಲ್ಲ ಮತ್ತೆ ಮತ್ತೆ ಸಭೆಗೇ ಬಿಟ್ಟುಕೊಟ್ಟರು. ಕೊನೆಗೆ ಅದು ಪಾಸ್ಟರಮ್ಮನ ಸಾರಿಗೆ ಹೋಯ್ತು.

2023ರಲ್ಲಿ ಕಾವೇರಿ ಗಲಾಟೆ ಜೋರಾಗಿದ್ದಾಗ ಜನ ಕಡಿಮೆ ಬರುತ್ತಿದ್ದರು. ನಮ್ಮಲ್ಲಿ ಮನೆಯಲ್ಲಿ ತಮಿಳು ಮಾತಾಡುವವರೂ ಇದ್ದಾರೆ, ಗದ್ದೆ ಒಣಗುತ್ತಿದ್ದ ರೈತರೂ ಇದ್ದಾರೆ. ಅವತ್ತು ಎಲ್ಲರೂ ಮಳೆಗಾಗಿ ಪ್ರಾರ್ಥಿಸಿದೆವು. ಅದರಲ್ಲಿ ಯಾರಿಗೂ ತಕರಾರು ಇರಲಿಲ್ಲ.

ಭಾರ ಅನ್ನಿಸುವುದು ಸಾವಿನ ಕೆಲಸ. ನಮಗೆ ಸ್ವಂತ ಸಮಾಧಿ ಜಾಗ ಇಲ್ಲ. ಪ್ರತಿ ಸಲ ಬೇರೆ ಸಭೆಯವರನ್ನು ಕೇಳಬೇಕು, ಅವರ ಕಮಿಟಿಯವರ ಫೋನಿಗೆ ಕಾಯಬೇಕು. ಒಂದು ಸಲ ಮಧ್ಯಾಹ್ನ ಮೂರರವರೆಗೂ ಉತ್ತರ ಬರಲಿಲ್ಲ. ಮನೆಯವರಿಗೆ ಏನು ಹೇಳುವುದು? ನಾನೂ ಸೈಕಲ್ ಅಣ್ಣನೂ ಗೇಟಿನ ಮುಂದೆ ಗುದ್ದಲಿ ಇಟ್ಟುಕೊಂಡು ಕೂತಿದ್ದೆವು. ಅತ್ತ ಹೆಂಗಸರು ಯಾರೂ ಹೇಳದೆಯೇ ಆ ಮನೆಯ ಬಂಧುಗಳಿಗೆ ಉಪ್ಪಿಟ್ಟು, ಟೀ ಮಾಡಿ ಹಂಚಿ ಆಗಿತ್ತು. ಪರ್ಮಿಶನ್ ಬಂದಾಗ ನಾಲ್ಕೂವರೆ.

ಬಂದ ದಿನವೇ ನಿಮಗೆ ಏನು ಬರುತ್ತೆ ಅಂತ ಹೇಳಿಬಿಡಿ. ವೈರಿಂಗ್, ಲೆಕ್ಕ, ಕೀಬೋರ್ಡ್, ಡ್ರೈವಿಂಗ್, ಏನಾದರೂ ಸರಿ. ಸುಮ್ಮನೆ ಕೂತರೆ ಜಮಖಾನ ನಿಮ್ಮ ಪಾಲಿಗೆ. ಹುಡುಗಿ ಯಾರು ಅಂತ ನೀವು ಬರೆದಿಲ್ಲ, ಒಳ್ಳೆಯದೇ ಮಾಡಿದಿರಿ. ಆದರೆ ನಮ್ಮ ಸಭೆಯಲ್ಲಿ ಮೇ ತಿಂಗಳಿಗೆ ಮದುವೆ ಗೊತ್ತಾಗಿರುವ ಹುಡುಗಿ ಒಬ್ಬಳೇ ಇದ್ದಾಳೆ. ಅವರ ಅಪ್ಪನೇ ಮೂರು ಫ್ಯಾನಿಗೆ ಮೊದಲು ಕೈ ಎತ್ತಿದವರು.