ಲೇತ್ ಮೋಟಾರಿಗೆ ಮನೇಲೇ ಮೌಂಟ್ ಮಾಡೋದು ಹೇಗೆ?

ಪ್ರಶ್ನೆ: ಸರ್, ಹಳೇ ಸಣ್ಣ ಲೇತ್ (ಲೋಹದ ತುಂಡನ್ನ ತಿರುಗಿಸಿ ಕಡಿಯೋ ಯಂತ್ರ) ಒಂದು ಸಿಕ್ತು, ಮೋಟಾರ್ ಇರ್ಲಿಲ್ಲ. ಅರ್ಧ ಎಚ್‌ಪಿ ಸಿಂಗಲ್ ಫೇಸ್ ಮೋಟಾರ್ (1440 ಆರ್‌ಪಿಎಂ) ತಗೊಂಡು, ಎರಡು ಆಂಗಲ್ ತುಂಡಿನ ಮೇಲೆ ಬೋಲ್ಟ್ ಹಾಕಿ ಹಿಂದೆ ಕೂರಿಸಿದೀನಿ. ಸ್ವಲ್ಪ ಜಾಸ್ತಿ ಕಟ್ ಕೊಟ್ರೆ ಬೆಲ್ಟ್ ಕಿರುಚಿ ಜಾರುತ್ತೆ, ಟೈಟ್ ಮಾಡಿದ್ರೆ ಹೆಡ್‌ಸ್ಟಾಕ್ (ಲೇತಿನ ತಿರುಗೋ ದಂಡ ಕೂತಿರೋ ಭಾಗ) ಬೇರಿಂಗ್ ಬಿಸಿ ಆಗುತ್ತೆ. ಏನ್ ಮಾಡ್ಲಿ?

ಉತ್ತರ: ಮೊದ್ಲು ಬೆಲ್ಟ್ ತೆಗೆದು ಪುಲ್ಲಿ ಗ್ರೂವ್ ಒಳಗೆ ನೋಡಿ. ವಿ-ಬೆಲ್ಟ್ ಹಿಡಿಯೋದು ಎರಡೂ ಪಕ್ಕದಲ್ಲಿ, ಗ್ರೂವಿನ ತಳ ಫಳಫಳ ಅಂತಿದ್ರೆ ಬೆಲ್ಟೋ ಗ್ರೂವೋ ಸವೆದು ಬೆಲ್ಟ್ ಕೆಳಗೆ ಕೂತಿದೆ ಅಂತ ಅರ್ಥ, ಆಗ ಎಷ್ಟು ಎಳೆದು ಕಟ್ಟಿದ್ರೂ ಜಾರುತ್ತೆ, ಬೇರಿಂಗ್ ಸುಮ್ನೆ ಸಾಯುತ್ತೆ. ಮೋಟಾರ್ ಪುಲ್ಲಿ ತೀರಾ ಚಿಕ್ಕದಾಗಿದ್ರೂ ಇದೇ ಪಾಡು. ಎ ಸೆಕ್ಷನ್ (ವಿ-ಬೆಲ್ಟಿನ ಒಂದು ಸೈಜು) ಬೆಲ್ಟಿಗೆ ಪುಲ್ಲಿ ವ್ಯಾಸ 75 ಮಿಮೀಗಿಂತ ಕಮ್ಮಿ ಬೇಡ. ಮೋಟಾರಿನ 75ಕ್ಕೆ ಲೇತ್ ಕಡೆ 225 ಹಾಕಿದ್ರೆ ಸ್ಪಿಂಡಲ್ (ಲೇತಿನ ತಿರುಗೋ ದಂಡ) 480 ಆರ್‌ಪಿಎಂ ಹತ್ರ ತಿರುಗುತ್ತೆ, ಸಣ್ಣ ಲೇತಿಗೆ ಒಳ್ಳೇ ನಡು ಸ್ಪೀಡು.

ಇನ್ನು ಮೌಂಟು, ಅಂದ್ರೆ ಮೋಟಾರ್ ಕೂರಿಸೋ ಪೀಠ. ಆಂಗಲ್ ತುಂಡು ಬಿಟ್ಬಿಡಿ, ಅದು ಬೆಲ್ಟ್ ಎಳೆತಕ್ಕೆ ತಿರುಚಿಕೊಳ್ಳುತ್ತೆ. ಮೋಟಾರ್ ಕೂರೋಕೆ 8 ಮಿಮೀ ದಪ್ಪದ ಎಂಎಸ್ (ಮೈಲ್ಡ್ ಸ್ಟೀಲ್) ಪ್ಲೇಟ್ ತಗೊಳ್ಳಿ, ಬೆಲ್ಟ್ ಬಿಗಿ ಮಾಡೋಕೆ ಅದನ್ನ ಎತ್ತಿ ಇಳಿಸೋ ಹಾಗಿರ್ಬೇಕು, ಒಂದು ಅಂಚಿಗೆ ಪೈಪ್ ವೆಲ್ಡ್ ಮಾಡಿ ಅದರೊಳಗೆ ಸಡಿಲ ಇಲ್ದೆ ತಿರುಗೋ ರಾಡ್ ಹಾಕಿ, ಆ ರಾಡ್ ಸ್ಪಿಂಡಲಿಗೆ ಸರಿಯಾಗಿ ಸಮಾನಾಂತರ ಇರ್ಬೇಕು, ಇಲ್ಲಿ ತಪ್ಪಿದ್ರೆ ಮೋಟಾರ್ ಎತ್ತಿ ಇಳಿಸಿದಾಗೆಲ್ಲ ಪುಲ್ಲಿ ಓರೆ ಆಗುತ್ತೆ. ಬಾಗಿಲಿನ ಹಿಂಜ್ ಹಾಕ್ಬೇಡಿ ಅಂತ ಒತ್ತಿ ಹೇಳ್ತೀನಿ, ಅದರ ಪಿನ್ನಲ್ಲಿರೋ ಆಟ ಎಲ್ಲಾ ನಡುಕವಾಗಿ ಜಾಬ್ (ಕಡೀತಿರೋ ತುಂಡು) ಮೇಲೆ ಗೆರೆ ಗೆರೆಯಾಗಿ ಬೀಳುತ್ತೆ. ಪೈಪನ್ನ ಪ್ಲೇಟಿಗೆ ಒಂದೇ ಉದ್ದಕ್ಕೆ ವೆಲ್ಡ್ ಎಳೀಬೇಡಿ, ಪ್ಲೇಟ್ ಬಾಗುತ್ತೆ. ಅಲ್ಲಲ್ಲಿ ಸ್ವಲ್ಪ ಸ್ವಲ್ಪ ಹಾಕಿ, ತಣ್ಣಗಾಗೋಕೆ ಬಿಡಿ.

ಮೋಟಾರ್ ಭಾರವೇ ಬೆಲ್ಟ್ ಎಳೆದಿಡುತ್ತೆ ಅಂತ ಕೆಲವರು ಹಾಗೇ ತೂಗಿಬಿಡ್ತಾರೆ, ಆದ್ರೆ ಸಿಂಗಲ್ ಫೇಸ್ ಮೋಟಾರಿಗೆ ಸ್ವಭಾವತಃ ಮಿಡಿತ ಇರುತ್ತೆ, ಪ್ಲೇಟ್ ಕುಣಿಯುತ್ತೆ. ಪ್ಲೇಟಿನ ಇನ್ನೊಂದು ಅಂಚಿಗೆ ಉದ್ದ ಥ್ರೆಡ್ಡಿನ ಬೋಲ್ಟ್ ಕೊಟ್ಟು ಎರಡೂ ಕಡೆ ನಟ್ಟಿಂದ ಲಾಕ್ ಮಾಡಿ. ಬೆಲ್ಟ್ ಮಧ್ಯದಲ್ಲಿ ಬೆರಳಿಟ್ಟು ಒತ್ತಿದಾಗ, ಎರಡು ಪುಲ್ಲಿ ನಡುವೆ ಬೆಲ್ಟ್ 320 ಮಿಮೀ ಇದ್ರೆ ಸುಮಾರು 5 ಮಿಮೀ ಬಗ್ಗಬೇಕು, ಅಷ್ಟು ಸಾಕು. ಮೋಟಾರ್ ಕಾಲಿನ ಬೋಲ್ಟಿಗೆ ಪ್ಲೇಟಲ್ಲಿ ದುಂಡು ತೂತಿನ ಬದಲು ಸ್ಲಾಟ್ (ಉದ್ದನೆ ತೂತು) ಕೊರೀರಿ, ನೇರ ಪಟ್ಟಿ ಒಂದನ್ನ ಎರಡೂ ಪುಲ್ಲಿ ಮುಖಕ್ಕೆ ಇಟ್ಟು ನಾಲ್ಕೂ ಕಡೆ ತಾಗೋ ಹಾಗೆ ಸರಿಸಿ ಬಿಗಿ ಮಾಡ್ಬಹುದು. ಪುಲ್ಲಿ ಅಂಚಿನ ದಪ್ಪ ಬೇರೆ ಬೇರೆ ಇದ್ರೆ ಮಾತ್ರ ಗ್ರೂವಿನ ನಡುವನ್ನೇ ಅಳೀಬೇಕು.

ಅರ್ಥ್ ವೈರನ್ನ ಮೋಟಾರ್ ಬಾಡಿಗೂ ಲೇತ್ ಬೆಡ್ಡಿಗೂ ಎರಡಕ್ಕೂ ಕೊಡಿ, ಬೆಲ್ಟಿಗೆ ಗಾರ್ಡ್ ಹಾಕೋ ತನಕ ಆನ್ ಮಾಡ್ಲೇಬೇಡಿ. ಇಷ್ಟೆಲ್ಲಾ ಆದ್ಮೇಲೂ ಬೇರಿಂಗ್ ಕೈ ಇಡೋಕಾಗದಷ್ಟು ಬಿಸಿಯಾದ್ರೆ ತಪ್ಪು ಮೌಂಟಿಂದಲ್ಲ, ಬೇರಿಂಗ್ ಬಿಚ್ಚಿ ಎಣ್ಣೆ ದಾರಿ ಕಟ್ಟಿದ್ಯಾ ನೋಡಿ.