ಹಾಡಿನಿಂದ ದನಿ ತೆಗೆದರೆ ಡ್ರಮ್ಸ್ ಕೂಡ ಯಾಕೆ ಹೋಗುತ್ತೆ?

ಆಡಾಸಿಟಿ ಎಂಬ ಆಡಿಯೋ ಎಡಿಟಿಂಗ್ ತಂತ್ರಾಂಶದಲ್ಲಿ ದನಿ ತೆಗೆದಾಗ ಬೇಸ್, ಡ್ರಮ್ಸ್ ಸೊರಗಿಹೋಗಿ ಗಾಯಕಿಯ ದನಿಯ ಎಕೋ ಮಾತ್ರ ಉಳಿದಿದೆ ಅಂದಿದ್ದೀರಿ. ನೀವು ಮಾಡಿದ್ದು ಸರಿಯಾಗಿಯೇ ಇದೆ, ಆ ಹಳೆಯ ವಿಧಾನಕ್ಕೆ ಆಗುವುದೇ ಅಷ್ಟು. ಅದಕ್ಕೆ ದನಿ ಯಾವುದು, ವಾದ್ಯ ಯಾವುದು ಗೊತ್ತಾಗುವುದಿಲ್ಲ. ಎಡ, ಬಲ ಚಾನೆಲ್‌ಗಳಲ್ಲಿ ಒಂದರ ತರಂಗವನ್ನು ತಲೆಕೆಳಗು ಮಾಡಿ ಇನ್ನೊಂದಕ್ಕೆ ಕೂಡಿಸುತ್ತದೆ. ಎರಡರಲ್ಲೂ ಒಂದೇ ಸಮ ಇದ್ದದ್ದೆಲ್ಲ ಅಳಿಸಿಹೋಗುತ್ತದೆ. ಮಿಕ್ಸಿಂಗ್‌ನಲ್ಲಿ ಗಾಯನವನ್ನು ಸಾಮಾನ್ಯವಾಗಿ ನಡುವೆ, ಅಂದರೆ ಎರಡೂ ಚಾನೆಲ್‌ಗಳಲ್ಲಿ ಸಮವಾಗಿ ಇಡುತ್ತಾರೆ, ಬೇಸ್ ಮತ್ತು ಕಿಕ್ ಡ್ರಮ್ ಜಾಗವೂ ಅದೇ. ಎಕೋ ಎರಡೂ ಕಡೆ ಬೇರೆಬೇರೆಯಾಗಿ ಹರಡಿರುವುದರಿಂದ ಉಳಿದುಕೊಳ್ಳುತ್ತದೆ. ಎರಡೂ ಕಡೆ ಒಂದೇ ಸದ್ದಿರುವ ಮೋನೋ ಹಾಡಿಗೆ ಹೀಗೆ ಮಾಡಿದರೆ ಏನೂ ಕೇಳಿಸುವುದಿಲ್ಲ.

ಈಗ ಆ ದಾರಿ ಬಿಡಿ. ಹಾಡಿನ ದನಿ, ವಾದ್ಯಗಳನ್ನು ಗುರುತಿಸಿ ಬೇರ್ಪಡಿಸುವ ತಂತ್ರಾಂಶಗಳಿವೆ. 2019ರಲ್ಲಿ ಸಂಗೀತ ಸ್ಟ್ರೀಮಿಂಗ್ ಕಂಪನಿ ಡೀಜರ್ ಬಿಟ್ಟ ಸ್ಪ್ಲೀಟರ್, ಫೇಸ್‌ಬುಕ್ ಸಂಶೋಧಕರ ಡೆಮಕ್ಸ್ ಎರಡೂ ಉಚಿತ. ನನ್ನ ಆಯ್ಕೆ ಡೆಮಕ್ಸ್. ಕಮಾಂಡ್ ಟೈಪ್ ಮಾಡುವುದು ಬೇಡವಾದರೆ ಅಲ್ಟಿಮೇಟ್ ವೋಕಲ್ ರಿಮೂವರ್ ಎಂಬ ತಂತ್ರಾಂಶ ಹಾಕಿಕೊಳ್ಳಿ, ಅದರೊಳಗೇ ಡೆಮಕ್ಸ್ ಇದೆ. ಗ್ರಾಫಿಕ್ಸ್ ಕಾರ್ಡ್ ಇಲ್ಲದಿದ್ದರೂ ನಡೆಯುತ್ತದೆ, ಸ್ವಲ್ಪ ಕಾಯಬೇಕು ಅಷ್ಟೇ.

ಇವು ಟ್ರ್ಯಾಕ್‌ಗಳು ಬಿಡಿಬಿಡಿಯಾಗಿ ಸಿಕ್ಕ ಹಾಡುಗಳಿಂದ ಕಲಿತ ಎಐ ಮಾಡೆಲ್‌ಗಳು. ಇಂಥ ಕಲಿಕೆಗೆ ಬಹಳ ಬಳಕೆಯಲ್ಲಿರುವ ಮಸ್‌ಡಿಬಿ18 ಸಂಗ್ರಹದಲ್ಲಿ 150 ಹಾಡುಗಳಿವೆ. ಈ ಮಾಡೆಲ್‌ಗಳು ಹಾಡನ್ನು ದನಿ, ಡ್ರಮ್ಸ್, ಬೇಸ್, ಉಳಿದದ್ದು ಅಂತ ನಾಲ್ಕು ಪಾಲು ಮಾಡುತ್ತವೆ. ಕೊಳಲೋ ಪಿಟೀಲೋ ಎಳೆದು ನಿಲ್ಲಿಸಿದ ಸ್ವರ ಆಗಾಗ ದನಿಯ ಪಾಲಿಗೆ ಸೇರಿಬಿಡುತ್ತದೆ. ಕೋರಸ್ ಇದ್ದರೆ ಅದೂ ಮುಖ್ಯ ಗಾಯನದ ಜೊತೆಗೇ ಹೋಗುತ್ತದೆ.

ನಿಮಗೆ ಬೇಕಿರುವುದು ವಾದ್ಯಗಳಷ್ಟೇ ಆದ್ದರಿಂದ ಒಂದು ಕೆಲಸ ಮಾಡಿ. ಉಳಿದ ಮೂರು ಪಾಲನ್ನು ಕೂಡಿಸುವ ಬದಲು ಮೂಲ ಹಾಡಿನಿಂದ ದನಿಯ ಪಾಲನ್ನು ಕಳೆಯಿರಿ. ಆಡಾಸಿಟಿಯಲ್ಲಿ ಎರಡನ್ನೂ ಒಂದರ ಕೆಳಗೊಂದು ತೆರೆದು, ದನಿಯ ಟ್ರ್ಯಾಕ್‌ಗೆ ಇನ್ವರ್ಟ್ (ತರಂಗ ತಲೆಕೆಳಗು ಮಾಡುವ ಆಯ್ಕೆ) ಹಾಕಿ ಒಟ್ಟಿಗೆ ಪ್ಲೇ ಮಾಡಿ. ಯಾವ ಪಾಲಿಗೂ ಸೇರದೆ ಕಳೆದುಹೋಗುವ ಸಣ್ಣಪುಟ್ಟ ಸದ್ದುಗಳು ಹೀಗೆ ಉಳಿಯುತ್ತವೆ. ನನ್ನ ಕಿವಿಗಂತೂ ಸಿಂಬಲ್ಸ್ ಹೆಚ್ಚು ಸಹಜವಾಗಿ ಕೇಳಿಸುತ್ತದೆ. ಎರಡೂ ವೇವ್ ಫೈಲ್ ಆಗಿರಲಿ, ವಾಲ್ಯೂಮ್ ಬದಲಾಗಿರಬಾರದು. ಎಂಪಿ3 ಮಾಡಿದರೆ ಶುರುವಿನಲ್ಲಿ ಒಂದಿಷ್ಟು ಖಾಲಿ ಸೇರಿ ಟ್ರ್ಯಾಕ್ ಜರುಗುತ್ತದೆ, ಆಗ ದನಿ ಅಳಿಸುವುದೇ ಇಲ್ಲ.

ಹಾಡಿನ ಸಿಡಿ ಅಥವಾ ಗುಣಮಟ್ಟ ಕಳೆದುಕೊಳ್ಳದ ಫ್ಲ್ಯಾಕ್ ಫೈಲ್ ಸಿಕ್ಕರೆ ಅದರಿಂದಲೇ ಶುರುಮಾಡಿ. 128 ಕೆಬಿಪಿಎಸ್ ಎಂಪಿ3ಯಲ್ಲಿ ತೀರಾ ಹೆಚ್ಚಿನ ಆವರ್ತನದ ಸದ್ದುಗಳು ಮೊದಲೇ ಕತ್ತರಿಸಿಹೋಗಿರುತ್ತವೆ, ಅದನ್ನು ಬಿಡಿಸಿದಾಗ ನೀರಿನೊಳಗಿಂದ ಬಂದ ಹಾಗೆ ಕೇಳಿಸುತ್ತದೆ.