ಬಾಸುಂಡೆಗೊಂದು ತಾರೀಖು

(ಮಂಡ್ಯ ಜಿಲ್ಲೆಯ ಸರ್ಕಾರಿ ಪ್ರೌಢಶಾಲೆಗಳಲ್ಲಿ 31 ವರ್ಷ ಪಿ.ಟಿ. ಟೀಚರ್ ಆಗಿದ್ದು, ಹಾಕಿ ಅಂಪೈರಿಂಗನ್ನೂ ಮಾಡಿದ ನಮ್ಮ ಅಂಕಣಕಾರ್ತಿ ಮಕ್ಕಳ ಹಾಕಿಯ ಬಗ್ಗೆ ಬಂದ ಪತ್ರಗಳಿಗೆ ಈ ಸಲ ಉತ್ತರಿಸಿದ್ದಾರೆ.)

ಪ್ರಶ್ನೆ: ಶಾಲಾ ಪಂದ್ಯದಲ್ಲಿ ನನ್ನ ಮಗನಿಗೆ ಅನ್ಯಾಯವಾಗಿ ಹಳದಿ ಕಾರ್ಡ್ ತೋರಿಸಿದರು. ಅಂಪೈರ್ ಎದುರು ಟೀಮಿನ ಕಡೆಯವರು. ಯಾರಿಗೆ ದೂರು ಕೊಡಬೇಕು?
– ಒಬ್ಬ ತಂದೆ, ಮಂಡ್ಯ

ಹಸಿರು ತ್ರಿಕೋನದ ಕಾರ್ಡ್ ತೋರಿಸಿದರೆ 2 ನಿಮಿಷ ಹೊರಗೆ, ಹಳದಿ ಚೌಕಕ್ಕೆ ಕಡಿಮೆಯೆಂದರೆ 5 ನಿಮಿಷ, ದುಂಡನೆಯ ಕೆಂಪು ಕಂಡರೆ ಆ ಆಟಗಾರನ ಪಾಲಿಗೆ ಆ ಪಂದ್ಯವೇ ಮುಗಿಯಿತು. ನಿಮ್ಮ ಮಗ ಐದು ನಿಮಿಷ ಹೊರಗೆ ಕೂತ, ಮತ್ತೆ ಒಳಗೆ ಹೋದ. ಅದು ಅಲ್ಲಿಗೇ ತೀರಿದ ಲೆಕ್ಕ ಸ್ವಾಮಿ. ಅಂಪೈರ್ ನಿಜವಾಗಿಯೂ ಎದುರು ಶಾಲೆಯವರೇ ಆಗಿದ್ದರೆ ಟೀಮ್ ಮ್ಯಾನೇಜರ್ ಕೈಯಲ್ಲಿ ಆಯೋಜಕರಿಗೆ ಬರೆದು ಕೊಡಿಸಿ. ಅದಕ್ಕೆ ಕೂಟದ ನಿಯಮದಲ್ಲೇ ಗಡುವು ಇರುತ್ತದೆ. ನೀವು ಬೇಲಿ ಆಚೆ ನಿಂತು ಏನು ಕೂಗಿದಿರಿ ಅನ್ನೋದನ್ನ ಮಾತ್ರ ಪತ್ರದಲ್ಲಿ ಬರೆದಿಲ್ಲ. ನಾನೂ ಸರ್ ಎಂ.ವಿ. ಕ್ರೀಡಾಂಗಣದಲ್ಲಿ ಸೀಟಿ ಊದಿದವಳೇ, ಅಪ್ಪಂದಿರ ಗಂಟಲು ನನಗೆ ಗೊತ್ತು.

ಪ್ರಶ್ನೆ: ನನ್ನ ಮಗಳಿಗೆ 13 ವರ್ಷ. ಎರಡು ವರ್ಷದಿಂದ ಹಾಕಿ ಕಲಿಯಲು ಹೋಗುತ್ತಿದ್ದಾಳೆ. ಪಾಸ್ ತಪ್ಪಿದರೆ ಕೋಚ್ ಹಿಂದಿನಿಂದ ಸ್ಟಿಕ್ಕಿನಲ್ಲಿ ಕಾಲಿಗೆ ಹೊಡೆಯುತ್ತಾರಂತೆ. ಭಾನುವಾರ ಎಣ್ಣೆ ಹಚ್ಚುವಾಗ ಕಾಲಿನ ಮೇಲಿನ ಗುರುತು ನನ್ನ ಕಣ್ಣಿಗೆ ಬಿತ್ತು. ಕೇಳಿದರೆ, "ಅಮ್ಮ, ಯಾರಿಗೂ ಹೇಳ್ಬೇಡ, ಮುಂದಿನ ತಿಂಗಳು ಸೆಲೆಕ್ಷನ್ ಇದೆ" ಎನ್ನುತ್ತಾಳೆ. ಬೇರೆ ಮಕ್ಕಳ ಅಪ್ಪ ಅಮ್ಮಂದಿರೂ ಸುಮ್ಮನಿರಿ ಅನ್ನುತ್ತಾರೆ.
– ಒಬ್ಬ ತಾಯಿ, ಸರಸ್ವತಿಪುರಂ, ಮೈಸೂರು

ನೋಡಿಯಮ್ಮಾ, ಹಾಕಿ ಆಡುವ ಮಕ್ಕಳ ಕಾಲು ಕಂದುವುದು ಹೊಸದಲ್ಲ. 156ರಿಂದ 163 ಗ್ರಾಂ ತೂಗುವ ಗಟ್ಟಿ ಚೆಂಡು ಬಡಿದರೆ ಕಂದದೆ ಇರುತ್ತದೆಯೆ? ಆದರೆ ಆ ಏಟು ಹೆಚ್ಚಾಗಿ ಮುಂದೆ, ಕಣಕಾಲಿನ ಹತ್ತಿರ, ದುಂಡಗೆ ಬೀಳುತ್ತದೆ. ಶಿನ್ ಪ್ಯಾಡ್ ಕಟ್ಟುವುದೂ ಮುಂದಕ್ಕೇ. ಹಿಂದೆ ಮೀನಖಂಡದ ಮೇಲೆ ಉದ್ದುದ್ದ ಬಾಸುಂಡೆ ಎದ್ದಿದ್ದರೆ ಮೊದಲು ಡಾಕ್ಟರಿಗೆ ತೋರಿಸಿ, ಚೀಟಿ ಬರೆಸಿಕೊಳ್ಳಿ. ಫೋಟೊ ತೆಗೆದಿಡಿ. ನಾಲ್ಕು ದಿನ ಕಳೆದರೆ ಬಾಸುಂಡೆ ಇಳಿದುಹೋಗುತ್ತದೆ, ಆಮೇಲೆ ಉಳಿಯುವುದು ಬರೀ ನಿಮ್ಮ ಮಾತು, ಅವರ ಮಾತು.

ಇವತ್ತೇ ರಾತ್ರಿ ಒಂದು ಹಾಳೆ ತಗೊಂಡು ಕೂತ್ಕೊಳ್ಳಿ. "ಕೋಚ್ ರಾಕ್ಷಸ", "ನಮ್ಮ ಹುಡುಗಿ ಬಾಳು ಹಾಳಾಯಿತು" ಎಂದೆಲ್ಲ ಬರೆಯಬೇಡಿ. ಅಂಥ ದೂರುಗಳನ್ನು ನಾನು ರಾಶಿಗಟ್ಟಲೆ ನೋಡಿದ್ದೇನೆ, ಓದಿದವರು ಮಡಚಿ ಫೈಲಿಗೆ ಸೇರಿಸುತ್ತಾರೆ. ಹೀಗೆ ಬರೆಯಿರಿ: ಇಂಥ ತಾರೀಖು, ಗುರುವಾರ, ಸಂಜೆ ಐದೂವರೆ, ಪಾಸಿಂಗ್ ಅಭ್ಯಾಸದ ಹೊತ್ತು, ಎಡಗಾಲಿಗೆ ಎರಡು ಏಟು, ಹತ್ತಿರ ಇದ್ದವರು ಮೂವರು, ಆಗ ಕೋಚ್ ಆಡಿದ ಮಾತು ಇದು. ಮಾತು ಎಷ್ಟೇ ಹೊಲಸಾಗಿದ್ದರೂ ಮಗಳು ಹೇಳಿದ ಹಾಗೇ ಬರೆಯಿರಿ, ತಿದ್ದಬೇಡಿ. ಅವಳಿಗೆ ನೆನಪಿಲ್ಲದ್ದನ್ನು ನೀವು ಊಹಿಸಿ ತುಂಬಿಸಲೂ ಬೇಡಿ.

ಎರಡು ಪ್ರತಿ ಮಾಡಿ. ಒಂದನ್ನು ಕ್ಲಬ್ಬಿನ ಕಾರ್ಯದರ್ಶಿಗೆ ಕೊಟ್ಟು, ಇನ್ನೊಂದರ ಮೇಲೆ ಸಹಿ, ಸೀಲು, ತಾರೀಖು ಹಾಕಿಸಿಕೊಳ್ಳಿ. ಹಾಕಲ್ಲ ಅಂದರೆ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ, ರಸೀದಿ ಇಟ್ಟುಕೊಳ್ಳಿ. ಕಾರ್ಯದರ್ಶಿ ಕೋಚಿನ ಭಾವಮೈದುನನೋ ಚಡ್ಡಿ ದೋಸ್ತನೋ ಆಗಿದ್ದರೆ (ನಮ್ಮ ಕಡೆ ಆಗಿರುತ್ತಾರೆ) ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೂ ಒಂದು ಪ್ರತಿ ಹೋಗಲಿ. ಅಲ್ಲೂ ಅಲುಗದಿದ್ದರೆ ಬೆಂಗಳೂರಿನಲ್ಲಿ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗವಿದೆ. ಶಾಲೆಯ ಟೀಮಾದರೆ ದೂರು ಮುಖ್ಯೋಪಾಧ್ಯಾಯರಿಗೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ಶಾಲೆಯಲ್ಲಿ ಮಗುವಿಗೆ ಹೊಡೆಯುವುದನ್ನೂ ಮಾನಸಿಕ ಹಿಂಸೆ ಕೊಡುವುದನ್ನೂ ನಿಷೇಧಿಸಿದೆ. ಶಾಲೆಯ ಹೊರಗೂ, ತನ್ನ ಉಸ್ತುವಾರಿಯಲ್ಲಿರುವ ಮಗುವನ್ನು ಹೊಡೆದು ಬಡಿದು ನರಳಿಸುವವರಿಗೆ 2015ರ ಬಾಲನ್ಯಾಯ ಕಾಯ್ದೆಯ 75ನೇ ಕಲಂ ಪ್ರಕಾರ 3 ವರ್ಷದವರೆಗೆ ಸಜೆ ಆಗಬಹುದು.

ದೂರಿನ ಕೊನೆಗೆ ನಿಮಗೇನು ಬೇಕು ಅನ್ನೋದನ್ನೂ ಬರೆಯಿರಿ. ಬಹಳ ಜನ ಇದನ್ನೇ ಮರೆಯುತ್ತಾರೆ. ವಿಚಾರಣೆ ಮುಗಿಯುವವರೆಗೆ ಬೇರೆ ಕೋಚ್ ಹತ್ತಿರ ಅಭ್ಯಾಸ, ಸೆಲೆಕ್ಷನ್ ದಿನ ಈ ಕೋಚ್ ಆಯ್ಕೆ ಮೇಜಿನಲ್ಲಿ ಕೂರಬಾರದು, ಮಗಳನ್ನು ಅವರ ಎದುರು ನಿಲ್ಲಿಸಿ ಕೇಳಬಾರದು, ತೀರ್ಮಾನ ಬರಹದಲ್ಲಿ ಬರಬೇಕು. ಕೋಚ್ ಹೇಳುವುದನ್ನೂ ಕೇಳಲೇಬೇಕು, ಬೇರೆಯಾಗಿ ಕೇಳಲಿ. "ಎಲ್ಲ ಸರಿಹೋಗೋವರೆಗೆ ಮಗೂನ ಮನೇಲೇ ಇಟ್ಕೊಳ್ಳಿ" ಎಂದು ಸಮಾಧಾನದ ದನಿಯಲ್ಲಿ ಯಾರಾದರೂ ಹೇಳುತ್ತಾರೆ, ಒಪ್ಪಬೇಡಿ. ಏಟು ತಿಂದವಳೇ ಯಾಕೆ ಮನೇಲಿರಬೇಕು?

ಸೆಲೆಕ್ಷನ್ ಕೈತಪ್ಪಿದರೆ? ತಪ್ಪಬಹುದು. ತಪ್ಪುವುದಿಲ್ಲ ಎಂದು ನಾನು ಸುಳ್ಳು ಭರವಸೆ ಕೊಡಲಾರೆ. ಅದಕ್ಕೇ ಮೊದಲು ಮಗಳ ಹತ್ತಿರ ಕೂತು, ಯಾರಿಗೆ ಏನು ಹೇಳಲಿದ್ದೀರಿ ಎಂದು ಅವಳಿಗೆ ತಿಳಿಸಿ. ಅವಳ ಬೆನ್ನ ಹಿಂದೆ ಮಾಡಬೇಡಿ.

ಪ್ರಶ್ನೆ: ನಾನು ಶಾಲೆಯೊಂದರ ದೈಹಿಕ ಶಿಕ್ಷಕ. ಟೀಮಿನ ಜೊತೆ ಓಡಾಡುವ ಒಬ್ಬ ಸಹಾಯಕ ಕೆಟ್ಟದಾಗಿ ಮುಟ್ಟುತ್ತಾನೆ ಎಂದು ಎಂಟನೇ ತರಗತಿಯ ಹುಡುಗಿ ನನ್ನ ಹತ್ತಿರ ಹೇಳಿದಳು. ಆಡಳಿತ ಮಂಡಳಿಯವರು "ಮೊದಲು ನಾವೇ ವಿಚಾರಿಸೋಣ, ಶಾಲೆ ಹೆಸರು ಹಾಳಾಗುತ್ತೆ" ಅನ್ನುತ್ತಿದ್ದಾರೆ.
– ಮದ್ದೂರು ತಾಲ್ಲೂಕು

ವಿಚಾರಿಸಬೇಡಿ. ಪತ್ರಿಕೆ ಕೆಳಗಿಟ್ಟು ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ, ಇಲ್ಲವೇ ನೇರ ಠಾಣೆಗೆ ಹೋಗಿ. ಇದು ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡುವ 2012ರ ಪೋಕ್ಸೊ ಕಾಯ್ದೆಯ ವಿಷಯ. 18 ತುಂಬದ ಮಗು, ಹುಡುಗಿಯಾಗಲಿ ಹುಡುಗನಾಗಲಿ, ಹೀಗೆ ಹೇಳಿದ್ದು ತಿಳಿದ ಮೇಲೆ ಪೊಲೀಸರಿಗೆ ತಿಳಿಸಲೇಬೇಕು. ತಿಳಿಸದಿದ್ದರೆ ನಿಮಗೆ 6 ತಿಂಗಳವರೆಗೆ, ಸಂಸ್ಥೆಯ ಮುಖ್ಯಸ್ಥರು ತಮ್ಮ ಕೈಕೆಳಗಿನವನ ಕೃತ್ಯ ಮುಚ್ಚಿಟ್ಟರೆ 1 ವರ್ಷದವರೆಗೆ ಸಜೆ. ಈ ಸಾಲನ್ನು ಮಂಡಳಿಯವರಿಗೆ ಓದಿ ಹೇಳಿ. ಒಳ್ಳೆಯ ಮನಸ್ಸಿನಿಂದ ಮಾಹಿತಿ ಕೊಟ್ಟವರ ಮೇಲೆ ಕೇಸು ನಿಲ್ಲದು ಎಂದೂ ಅದೇ ಕಾಯ್ದೆ ಹೇಳುತ್ತದೆ.

ಹುಡುಗಿಯನ್ನು ಮತ್ತೆ ಮತ್ತೆ ಕೇಳಬೇಡಿ. ಅವಳು ಹೇಳಿದ್ದನ್ನು ಅವಳ ಮಾತಿನಲ್ಲೇ ಬರೆದಿಟ್ಟುಕೊಳ್ಳಿ, ಸಾಕು. ಹೇಳಿಕೆಯನ್ನು ಅವಳ ಮನೆಯಲ್ಲೋ ಅವಳು ಒಪ್ಪುವ ಜಾಗದಲ್ಲೋ ಪಡೆಯಬೇಕು. ಬರುವ ಪೊಲೀಸರು ಸಮವಸ್ತ್ರದಲ್ಲಿ ಇರಬಾರದು, ಆದಷ್ಟೂ ಮಹಿಳಾ ಸಬ್ ಇನ್‌ಸ್ಪೆಕ್ಟರೇ ಆಗಿರಬೇಕು. ಇದನ್ನು ಅವಳ ಮನೆಯವರಿಗೆ ಹೇಳಿ, ಅರ್ಧ ಭಯ ಹೋಗುತ್ತದೆ.

ನಿಮ್ಮ ಪತ್ರ ಓದಿದ ಮೇಲೆ ಎರಡು ದಿನ ನನಗೆ ನಿದ್ದೆ ಬರಲಿಲ್ಲ. 1994ರಲ್ಲಿ ಪಂದ್ಯ ಮುಗಿಸಿಕೊಂಡು ಮೈಸೂರಿನಿಂದ ಕೆಂಪು ಬಸ್ಸಿನಲ್ಲಿ ವಾಪಸು ಬರುತ್ತಿದ್ದೆವು. ನಮ್ಮ ರೈಟ್ ವಿಂಗ್ ಹುಡುಗಿ, "ಟೀಚರ್, ನಾನು ಆ ಸೀಟಲ್ಲಿ ಕೂರಲ್ಲ, ನಿಂತ್ಕೊಂಡೇ ಬತ್ತೀನಿ" ಅಂದಳು. ಪಕ್ಕದಲ್ಲಿ ಕೂತಿದ್ದವನು ಸಾಮಾನು ಹೊರಲು ಟೀಮಿನ ಜೊತೆ ಬಂದಿದ್ದ ಆಳು. ಬೆಳಗ್ಗೆಯಿಂದ ಬಿಸಿಲಲ್ಲಿ ಕೂಗಿ ನನ್ನ ತಲೆ ಸಿಡಿಯುತ್ತಿತ್ತು. "ಸುಮ್ನೆ ಕೂತ್ಕೊಳೇ, ನಾಟಕ ಆಡ್ಬೇಡ" ಅಂದೆ. ಕೂತಳು. ಸೋಮವಾರ ಬೆಳಗ್ಗೆ ಸ್ಟೋರ್ ರೂಮಿನ ಬಾಗಿಲಿಗೆ ಅವಳ ಸ್ಟಿಕ್ ಒರಗಿಸಿತ್ತು, ಹಿಡಿಗೆ ಅವಳೇ ಸುತ್ತಿದ್ದ ಕೆಂಪು ಟೇಪು. ಮತ್ತೆ ಆಟಕ್ಕೆ ಬರಲಿಲ್ಲ. ಬಸ್ಸಿನಲ್ಲಿ ಏನಾಗಿತ್ತೆಂದು ನನಗೆ ಇವತ್ತಿಗೂ ತಿಳಿಯದು, ಯಾಕೆಂದರೆ ನಾನು ಕೇಳಲಿಲ್ಲ. ಆ ಸ್ಟಿಕ್ಕನ್ನು ಮುಂದಿನ ವರ್ಷ ಬೇರೆ ಹುಡುಗಿಗೆ ಕೊಟ್ಟೆ.

ಪ್ರಶ್ನೆ: ಈಗ ಗಟ್ಟಿಯಾಗಿ ಒಂದು ಮಾತಾಡಿದರೂ ದೂರು ಬರುತ್ತದೆ. ಬೈಯದೆ ಹಾಕಿ ಕಲಿಸುವುದು ಹೇಗೆ ಮೇಡಂ?
– ಯುವ ಕೋಚ್, ಪಾಂಡವಪುರ

ಬೈಯಿರಿ, ಯಾರು ಬೇಡ ಅಂದರು? "ಸ್ಟಿಕ್ ನೆಲಕ್ಕೆ ತಾಗ್ಸೋ, ಕಣ್ಣು ಎಲ್ಲಿಟ್ಟಿದ್ದೀಯ" ಅಂದರೆ ಯಾವ ಮಗುವೂ ದೂರು ಕೊಡಲ್ಲ. ಮೈಬಣ್ಣ, ದಪ್ಪ, ಜಾತಿ, ಅವರಮ್ಮನ ಸುದ್ದಿಗೆ ಹೋದರೆ ಕೊಡುತ್ತಾರೆ, ಕೊಡಲಿ. ಒಂದೇ ಮಗುವನ್ನು ಸ್ಟೋರ್ ರೂಮಿಗೆ ಕರೆಯಬೇಡಿ, ರಾತ್ರಿ ಹೊತ್ತು ಮಕ್ಕಳ ಫೋನಿಗೆ ಮೆಸೇಜ್ ಬೇಡ, ಏನಿದ್ದರೂ ತಂದೆತಾಯಿ ಇರುವ ಗ್ರೂಪಿಗೆ ಹಾಕಿ. ಏಪ್ರಿಲ್ ಬಿಸಿಲಲ್ಲಿ ಮೈದಾನ ಹತ್ತು ಸುತ್ತು ಓಡಿಸುವ ಶಿಕ್ಷೆ ಕೊಡುವುದೇ ಆದರೆ ನೀವೂ ಜೊತೆಗೆ ಓಡಿ. ಮೂರನೇ ಸುತ್ತಿಗೇ ಶಿಕ್ಷೆ ಮುಗಿದಿರುತ್ತದೆ.

(ಪತ್ರ ಬರೆಯುವವರು ಮಗುವಿನ ಹೆಸರು, ಶಾಲೆ ಬರೆಯಬೇಡಿ. ಈ ಸಲ ಬಂದ ಒಂದು ಪತ್ರದಲ್ಲಿ ಎರಡೂ ಇದ್ದವು, ಮಗುವಿನ ಫೋಟೊ ಕೂಡ. ಅದನ್ನು ಇಲ್ಲಿ ಎತ್ತಿಕೊಂಡಿಲ್ಲ. ಆ ತಂದೆಯ ಜೊತೆ ಫೋನಿನಲ್ಲಿ ಮಾತಾಡಿದ್ದೇನೆ.)